ಖುಷ್ಕಿ ಬೇಸಾಯದ ಯೋಜನೆಗೆ ಹವಾಗುಣ ಮಾದರಿಗಳ ನೆರವು

"ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ" ಎಂಬುದು ಹಿರಿಯರ ಮಾತು. ಮಳೆ ಹದವಾಗಿ, ಕಾಲಕ್ಕೆ ಸರಿಯಾಗಿ ಬೀಳುವವರೆಗೆ ಈ ಮಾತು ನಿಜ. ಆದರೆ ಇತ್ತೀಚಿನ ವರ್ಷಗಳಲ್ಲಿ ಮಳೆ ಬಂದೂ ಕೇಡಾಗಿದೆ, ಬಾರದೆಯೂ ಕೇಡಾಗಿದೆ. 2019ರ ಆಗಸ್ಟ್ ತಿಂಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿ ದಂಡೆಯ ಹೊಲಗಳು ನೆರೆಯಲ್ಲಿ ಮುಳುಗಿದವು. ನಾಲ್ಕು ವರ್ಷಗಳ ನಂತರ, 2023ರ ಅದೇ ಆಗಸ್ಟ್ ತಿಂಗಳಲ್ಲಿ ದೇಶದ ಮಳೆ ವಾಡಿಕೆಗಿಂತ ಶೇ. 36ರಷ್ಟು ಕಡಿಮೆಯಾಯಿತು. 1901ರಿಂದ ಈಚಿನ ದಾಖಲೆಯಲ್ಲಿ ಅಷ್ಟು ಒಣಗಿದ ಆಗಸ್ಟ್ ಮತ್ತೊಂದಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಈ ಎರಡರ ನಡುವೆ, 2021ರ ನವೆಂಬರ್‌ನಲ್ಲಿ ಸುರಿದ ಅಕಾಲಿಕ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಭಾಗದಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲಿಯೇ ಮೊಳೆಯಿತು.

ಇಂತಹ ಏರುಪೇರು ಮುಂದೆಯೂ ಇರುವುದೇ? ಇದ್ದರೆ ಯಾವ ಬಗೆಯಲ್ಲಿ? ಅದಕ್ಕೆ ತಕ್ಕಂತೆ ಬೆಳೆ, ತಳಿ, ಹೊಂಡ, ತೋಟಗಳ ಯೋಜನೆಯನ್ನು ಹೇಗೆ ಮಾಡಿಕೊಳ್ಳಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ವಿಜ್ಞಾನಿಗಳು ಹವಾಗುಣ ಮಾದರಿಗಳನ್ನೂ ಗಂಡಾಂತರದ ಅಂದಾಜುಗಳನ್ನೂ ಬಳಸುತ್ತಾರೆ. ಅವುಗಳ ಫಲಿತಾಂಶಗಳು ಈಗ ಜಿಲ್ಲಾ ಮಟ್ಟದ ಯೋಜನೆಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ಅವು ಹೇಳುವುದೇನು, ಹೇಳಲಾಗದ್ದೇನು ಎಂಬುದನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯ. ತಪ್ಪಾಗಿ ಓದಿದ ನಕಾಶೆಯನ್ನು ನಂಬಿ ಹಣ ಹೂಡಿದರೆ ನಷ್ಟ ರೈತನಿಗೇ.

ಮುನ್ಸೂಚನೆ ಬೇರೆ, ಮಾದರಿಯ ಲೆಕ್ಕ ಬೇರೆ

ಇಂದು, ನಾಳೆ ಮಳೆ ಬರುವುದೋ ಇಲ್ಲವೋ ಎಂಬುದು ಹವಾಮಾನ. ಮೂವತ್ತು ವರ್ಷಗಳ ಮಳೆ, ಬಿಸಿಲು, ಚಳಿಗಳ ಒಟ್ಟು ನಡತೆ ಹವಾಗುಣ. ರೈತರಿಗೆ ದೊರೆಯುವ ಮಾಹಿತಿ ನಾಲ್ಕು ಬಗೆಯದು. ಒಂದೊಂದಕ್ಕೂ ಅದರದೇ ಆದ ಉಪಯೋಗವಿದೆ.

1. ಐದು ದಿನಗಳ ಮುನ್ಸೂಚನೆ: ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆಯಲ್ಲಿ ಇದಿರುತ್ತದೆ. ಔಷಧ ಸಿಂಪಡಣೆ, ನೀರು ಹಾಯಿಸುವುದು, ಕೊಯ್ಲು, ಒಕ್ಕಣೆಗಳನ್ನು ಇದನ್ನು ನೋಡಿ ನಿರ್ಧರಿಸಬೇಕು.

2. ಎರಡರಿಂದ ನಾಲ್ಕು ವಾರಗಳ ಮುನ್ನೋಟ: ಬಿತ್ತನೆಯನ್ನು ಮುಂದೂಡಬೇಕೇ, ಮೇಲುಗೊಬ್ಬರ ಯಾವಾಗ ಕೊಡಬೇಕು ಎಂಬುದಕ್ಕೆ ಇದು ನೆರವಾಗುತ್ತದೆ.

3. ಹಂಗಾಮಿನ ಮುನ್ಸೂಚನೆ: ಭಾರತ ಹವಾಮಾನ ಇಲಾಖೆಯು ಏಪ್ರಿಲ್‌ನಲ್ಲಿ ಒಮ್ಮೆ, ಮೇ ಕೊನೆಯಲ್ಲಿ ಮತ್ತೊಮ್ಮೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ಬೆಳೆ ಮತ್ತು ಬೀಜದ ಸಿದ್ಧತೆಗೆ ಇದು ಉಪಯುಕ್ತ.

4. ಹವಾಗುಣ ಮಾದರಿಯ ಲೆಕ್ಕ: ಇದು ಮುಂದಿನ 20, 30, 50 ವರ್ಷಗಳ ಮಾತು. 2045ರಲ್ಲಿ ಆರಿದ್ರೆ ಮಳೆ ಬರುವುದೇ ಎಂದು ಇದನ್ನು ಕೇಳಬಾರದು. 2040ರ ಸುಮಾರಿನ ಮೂವತ್ತು ವರ್ಷಗಳಲ್ಲಿ ಬಿಸಿ ಎಷ್ಟು ಹೆಚ್ಚಬಹುದು, ಜಡಿಮಳೆಯ ದಿನಗಳು ಹೆಚ್ಚಬಹುದೇ ಎಂದು ಮಾತ್ರ ಕೇಳಬೇಕು.

ನಾಲ್ಕು ತಿಂಗಳ ರಾಗಿಗೆ ಈ ವರ್ಷದ ಮಳೆ ಮುಖ್ಯ. ಇಂದು ನೆಟ್ಟ ತೆಂಗಿನ ಸಸಿ ಅರವತ್ತು ವರ್ಷ ಬಾಳುವಂತಹದು. ಅದು ಕಾಣಬೇಕಾದದ್ದು 2080ರ ಬೇಸಗೆಯನ್ನೂ ಹೌದು. ಮಾವು, ಸಪೋಟ, ಅಡಿಕೆ, ಕೆರೆಯ ಕೋಡಿ, ಬದು, ಹೊಂಡ ಇವೆಲ್ಲ ಹಲವು ವರ್ಷ ಬಾಳುವ ಹೂಡಿಕೆಗಳು. ಹವಾಗುಣ ಮಾದರಿಯ ಉಪಯೋಗ ಹೆಚ್ಚಾಗಿ ಇಂತಹ ಕಡೆಯೇ ಇದೆ.

ಮಾದರಿ ಎಂದರೇನು?

ಇಳಿಜಾರು ಹೊಲವನ್ನು ಚೌಕು ಮಡಿಗಳಾಗಿ ಕಟ್ಟಿದಂತೆ ಭೂಮಿಯ ಮೇಲ್ಮೈಯನ್ನು ಗಣಕಯಂತ್ರದಲ್ಲಿ ಚೌಕಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಚೌಕದ ಮೇಲೂ ಗಾಳಿಯ ಹಲವು ಪದರಗಳು, ಸಮುದ್ರವಿದ್ದಲ್ಲಿ ಕೆಳಗೆ ನೀರಿನ ಹಲವು ಪದರಗಳು. ಸೂರ್ಯನ ಶಾಖ, ಗಾಳಿಯ ಚಲನೆ, ನೀರು ಆವಿಯಾಗಿ ಮತ್ತೆ ಮಳೆಯಾಗುವುದು ಇವೆಲ್ಲಕ್ಕೂ ಭೌತಶಾಸ್ತ್ರದ ನಿಯಮಗಳಿವೆ. ಆ ನಿಯಮಗಳ ಪ್ರಕಾರ ಒಂದು ಚೌಕದಿಂದ ಮತ್ತೊಂದಕ್ಕೆ ಶಾಖ, ತೇವ ಹರಿಯುವುದನ್ನು ಯಂತ್ರವು ನಿಮಿಷಗಳ ಲೆಕ್ಕದಲ್ಲಿ ಎಣಿಸುತ್ತಾ ನೂರಾರು ವರ್ಷ ಮುಂದಕ್ಕೆ ಸಾಗುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಏನಾಗುವುದೆಂದು ನೋಡಲು ಅದರ ಪ್ರಮಾಣವನ್ನು ಬದಲಿಸಿ ಮತ್ತೆ ಲೆಕ್ಕ ಹಾಕಲಾಗುತ್ತದೆ. ಇಂತಹ ಮಾದರಿಗಳಿಗೆ 1960ರ ದಶಕದಲ್ಲಿ ತಳಹದಿ ಹಾಕಿದ ಸ್ಯೂಕುರೊ ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯೂ ಇಂತಹ ಒಂದು ಮಾದರಿಯನ್ನು ಸಿದ್ಧಪಡಿಸಿದೆ.

ಮನುಷ್ಯರು ಮುಂದೆ ಎಷ್ಟು ಕಲ್ಲಿದ್ದಲು, ಎಣ್ಣೆ ಸುಡುವರೆಂದು ಯಾರೂ ಖಚಿತವಾಗಿ ಹೇಳಲಾರರು. ಆದ್ದರಿಂದ ಕಡಿಮೆ, ಮಧ್ಯಮ, ಹೆಚ್ಚು ಎಂಬ ಹಲವು ಊಹೆಗಳ ಮೇಲೆ ಲೆಕ್ಕ ಹಾಕಲಾಗುತ್ತದೆ. 2050ರ ಆಸುಪಾಸಿನವರೆಗೆ ಈ ಊಹೆಗಳ ಉಷ್ಣತೆಯಲ್ಲಿ ಅಷ್ಟೊಂದು ಅಂತರವಿಲ್ಲ, ಅನಂತರ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಆದ್ದರಿಂದ ಮುಂದಿನ 20-25 ವರ್ಷಗಳ ಬೇಸಾಯದ ಯೋಜನೆಗೆ ಯಾವ ಊಹೆ ನಿಜವಾಗುವುದೆಂದು ಕಾಯುತ್ತ ಕೂಡಬೇಕಾಗಿಲ್ಲ.

ನಂಬಬಹುದಾದದ್ದು, ನಂಬಬಾರದ್ದು

ಒಂದೇ ಮಾದರಿಯನ್ನು ನೆಚ್ಚುವುದು ಸರಿಯಲ್ಲ. ಹತ್ತಾರು ಮಾದರಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಎಲ್ಲವೂ ಒಂದೇ ದಿಕ್ಕು ತೋರಿಸಿದ ವಿಷಯವನ್ನು ಹೆಚ್ಚು ನಂಬಬಹುದು.

ಉಷ್ಣತೆ ಏರುವುದರಲ್ಲಿ ಎಲ್ಲ ಮಾದರಿಗಳೂ ಒಮ್ಮತದಲ್ಲಿವೆ. ಅಳತೆಯೂ ಅದನ್ನೇ ಹೇಳುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1901ರಿಂದ 2018ರ ಅವಧಿಯಲ್ಲಿ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಜಡಿಮಳೆ ಹೆಚ್ಚುವುದನ್ನೂ ಬಹುಮಟ್ಟಿಗೆ ನಂಬಬಹುದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿ.ಮೀ. ಮೀರಿದ ಮಳೆಯ ಪ್ರಸಂಗಗಳು 1950ರಿಂದ 2015ರೊಳಗೆ ಸುಮಾರು ಶೇ. 75ರಷ್ಟು ಹೆಚ್ಚಿವೆಯೆಂದು ಅದೇ ವರದಿ ತಿಳಿಸುತ್ತದೆ.

ಒಟ್ಟು ಮಳೆಯ ವಿಷಯ ಇಷ್ಟು ಸರಳವಲ್ಲ. 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ತಗ್ಗಿತು. ಬಿಸಿ ಹೆಚ್ಚಿದಂತೆ ಮುಂದೆ ಅದು ಏರುವುದೆಂದು ಹೆಚ್ಚಿನ ಮಾದರಿಗಳ ಅಭಿಪ್ರಾಯ. ಯಾವ ತಾಲ್ಲೂಕಿನಲ್ಲಿ ಎಷ್ಟು ಎಂಬುದರಲ್ಲಿ ಮಾತ್ರ ಅವುಗಳಲ್ಲಿ ಒಮ್ಮತವಿಲ್ಲ.

ಇದಕ್ಕೆ ಚೌಕದ ಗಾತ್ರವೂ ಒಂದು ಕಾರಣ. 100 ಕಿ.ಮೀ. ಅಗಲದ ಚೌಕದ ವಿಸ್ತೀರ್ಣ 10,000 ಚದರ ಕಿ.ಮೀ., ಅಂದರೆ ಕೋಲಾರ ಜಿಲ್ಲೆಯ ಎರಡೂವರೆ ಪಟ್ಟು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ನೇರ ಅಂತರದಲ್ಲಿ ಸುಮಾರು 70 ಕಿ.ಮೀ. ದೂರದ ಶಿವಮೊಗ್ಗದಲ್ಲಿ ಅದರ ಐದನೆಯ ಒಂದು ಭಾಗವೂ ಇಲ್ಲ. ಎರಡೂ ಒಂದೇ ಚೌಕಕ್ಕೆ ಬಿದ್ದರೆ ಬರುವ ಸರಾಸರಿ ಯಾವ ಊರಿಗೂ ಹೊಂದುವುದಿಲ್ಲ. ಚೌಕವನ್ನು 50 ಅಥವಾ 25 ಕಿ.ಮೀ.ಗೆ ಇಳಿಸಿದ ಪ್ರಾದೇಶಿಕ ಮಾದರಿಗಳೂ ಇವೆ. 25 ಕಿ.ಮೀ. ಚೌಕವೆಂದರೆ ಸುಮಾರಾಗಿ ಒಂದು ತಾಲ್ಲೂಕು. ಅದಕ್ಕಿಂತ ಕೆಳಗೆ, ಸರ್ವೆ ನಂಬರಿನ ಮಟ್ಟದಲ್ಲಿ 2050ರ ಮಳೆ ಹೇಳುತ್ತೇವೆನ್ನುವವರ ಮಾತನ್ನು ನಂಬಬಾರದು.

ಮಾದರಿಯ ಅಂಕಿಯನ್ನು ನೇರವಾಗಿ ತೆಗೆದುಕೊಳ್ಳದೆ ಅದು ತೋರಿಸುವ ಬದಲಾವಣೆಯನ್ನು ಮಾತ್ರ ತೆಗೆದುಕೊಳ್ಳುವುದು ಉತ್ತಮ. ಉದಾಹರಣೆಗೆ, ಒಂದು ಊರಿನ ಮಳೆಮಾಪಕದಲ್ಲಿ ಹಿಂದಿನ ಮೂವತ್ತು ವರ್ಷಗಳ ಸರಾಸರಿ 600 ಮಿ.ಮೀ. ಇದೆಯೆನ್ನಿ. ಅದೇ ಅವಧಿಗೆ ಮಾದರಿ 700 ಎಂದು ತೋರಿಸುತ್ತದೆ, ಮುಂದಿನ ಅವಧಿಗೆ 735 ಎನ್ನುತ್ತದೆ. ಇಲ್ಲಿ ಏರಿಕೆ ಶೇ. 5. ಅದನ್ನು ಊರಿನ 600ಕ್ಕೆ ಸೇರಿಸಿದರೆ 630 ಮಿ.ಮೀ. ಆಗುತ್ತದೆ.

ಈ 630ನ್ನು ನೋಡಿ ಸಂತೋಷಪಡುವಂತೆಯೂ ಇಲ್ಲ. ಈಗ 600 ಮಿ.ಮೀ. ಮಳೆ 40 ದಿನಗಳಲ್ಲಿ ಬೀಳುತ್ತಿದ್ದು, ಮುಂದೆ 630 ಮಿ.ಮೀ. 34 ದಿನಗಳಲ್ಲಿ ಬಿದ್ದರೆ ದಿನದ ಮಳೆ 15ರಿಂದ ಸುಮಾರು 18.5 ಮಿ.ಮೀ.ಗೆ ಏರಿದಂತಾಯಿತು. ಹರಿದು ಹೋಗುವ ನೀರು, ಕೊಚ್ಚಿಹೋಗುವ ಮಣ್ಣು ಹೆಚ್ಚಿದವು, ಎರಡು ಮಳೆಗಳ ನಡುವಿನ ಬಿಡುವೂ ಹೆಚ್ಚಿತು. ಸರಾಸರಿ ಏರಿದರೂ ಬೆಳೆ ಬಾಡಬಹುದು.

ಗಂಡಾಂತರದ ಅಂದಾಜು

ಬರ ಅಥವಾ ಜಡಿಮಳೆ ಒಂದು ವಿಪತ್ತು. ಆದರೆ ಗಂಡಾಂತರವು ವಿಪತ್ತೊಂದರಿಂದಲೇ ಉಂಟಾಗುವುದಿಲ್ಲ. ಮೂರು ಸಂಗತಿಗಳು ಕೂಡಬೇಕು: ವಿಪತ್ತು, ಅದಕ್ಕೆ ಈಡಾಗಿರುವ ಬೆಳೆ, ಜನ ಮತ್ತು ಜಾನುವಾರು, ಹಾಗೂ ತಾಳಿಕೊಳ್ಳಲಾರದ ದೌರ್ಬಲ್ಯ. ಅಕ್ಕಪಕ್ಕದ ಇಬ್ಬರು ರೈತರ ಹೊಲಕ್ಕೆ ಬೀಳುವ ಮಳೆ ಒಂದೇ. ಒಬ್ಬನು ಸಾಲ ತಂದು ಇಡೀ ಹೊಲಕ್ಕೆ ಒಂದೇ ಬೆಳೆ ಹಾಕಿದ್ದಾನೆ. ಇನ್ನೊಬ್ಬನು ರಾಗಿಯ ಸಾಲುಗಳ ನಡುವೆ ತೊಗರಿ ಬಿತ್ತಿದ್ದಾನೆ, ಎರಡು ಹಸು ಕಟ್ಟಿದ್ದಾನೆ, ಬೆಳೆ ವಿಮೆ ಮಾಡಿಸಿದ್ದಾನೆ. ಮಳೆ ಕೈಕೊಟ್ಟರೆ ಮೊದಲನೆಯವನು ಊರು ಬಿಡುತ್ತಾನೆ, ಎರಡನೆಯವನು ಮುಂದಿನ ಹಂಗಾಮಿಗೆ ಕಾಯುತ್ತಾನೆ. ಮಳೆಯನ್ನು ಬದಲಿಸುವುದು ರೈತನ ಕೈಯಲ್ಲಿಲ್ಲ. ಉಳಿದೆರಡು ಬಹುಮಟ್ಟಿಗೆ ಇವೆ.

ಹೈದರಾಬಾದಿನ ಕೇಂದ್ರೀಯ ಖುಷ್ಕಿ ಬೇಸಾಯ ಸಂಶೋಧನಾ ಸಂಸ್ಥೆಯು ಇದೇ ತತ್ವದ ಮೇಲೆ ದೇಶದ ಜಿಲ್ಲೆಗಳನ್ನು ಅಳೆದಿದೆ. 310 ಜಿಲ್ಲೆಗಳು ಹವಾಗುಣ ಬದಲಾವಣೆಗೆ ಸುಲಭವಾಗಿ ತುತ್ತಾಗುವಂಥವೆಂದು ಗುರುತಿಸಲಾಗಿದೆ. ಅವುಗಳಲ್ಲಿ 109 ಅತಿ ಹೆಚ್ಚಿನ, 201 ಹೆಚ್ಚಿನ ಗಂಡಾಂತರದವು. ಜಿಲ್ಲೆಯ ನಕಾಶೆ ಹಣ ಹಂಚುವವರಿಗೆ ದಾರಿ ತೋರಿಸುತ್ತದೆ. ಹಳ್ಳಿಯ ಮಟ್ಟದ ಲೆಕ್ಕವನ್ನು ಹಳ್ಳಿಯಲ್ಲಿಯೇ ಮಾಡಿಕೊಳ್ಳಬೇಕು.

ಊರಿನ ಲೆಕ್ಕ ಹಾಕುವ ಬಗೆ

ಮೊದಲು ಹತ್ತಿರದ ಮಳೆಮಾಪಕದ ಮೂವತ್ತು ವರ್ಷಗಳ ದಾಖಲೆಯನ್ನು ಪಡೆಯಬೇಕು. ರಾಜ್ಯದಲ್ಲಿ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆಯುವ ಮಳೆಮಾಪಕಗಳಿವೆ. ಅವು ಇತ್ತೀಚಿನವಾದುದರಿಂದ ಹಳೆಯ ವರ್ಷಗಳಿಗೆ ತಾಲ್ಲೂಕು ಕೇಂದ್ರದ ಅಥವಾ ಸಂಶೋಧನಾ ಕೇಂದ್ರದ ದಾಖಲೆಯನ್ನು ಬಳಸಬಹುದು.

ಪ್ರತಿ ವರ್ಷದ ಮಳೆಯನ್ನು ಮಳೆ ನಕ್ಷತ್ರಗಳ ಪ್ರಕಾರ ವಿಂಗಡಿಸಿಕೊಂಡರೆ ರೈತರಿಗೆ ಬೇಗ ಅರ್ಥವಾಗುತ್ತದೆ. ಒಂದು ನಕ್ಷತ್ರದ ಮೂವತ್ತು ವರ್ಷಗಳ ಮಳೆಯನ್ನು ಹೆಚ್ಚಿನದರಿಂದ ಕಡಿಮೆಗೆ ಇಳಿಸಿ ಬರೆಯಬೇಕು. ಮೇಲಿನಿಂದ 23ನೆಯ ಅಂಕಿಯೇ ಆ ನಕ್ಷತ್ರದ ಖಾತರಿ ಮಳೆ. 23ನ್ನು 31ರಿಂದ ಭಾಗಿಸಿದರೆ ಶೇ. 74 ಆಗುತ್ತದೆ. ಅಂದರೆ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಅಷ್ಟಾದರೂ ಮಳೆಯಾಗುತ್ತದೆಂದು ತಿಳಿಯಬಹುದು. ಬೆಳೆಯನ್ನು ಸರಾಸರಿಯ ಮೇಲಲ್ಲ, ಖಾತರಿ ಮಳೆಯ ಮೇಲೆ ಆಯ್ದುಕೊಳ್ಳಬೇಕು.

ಮುಂದಿನ ಹೆಜ್ಜೆ, ನಷ್ಟದ ಅಂದಾಜು. ಕೆಂಪು ಮಣ್ಣಿನ ಒಂದು ಊರಿನಲ್ಲಿ ಜುಲೈ ಮಧ್ಯದಲ್ಲಿ ಜಿ.ಪಿ.ಯು.-28 ರಾಗಿ ಬಿತ್ತುತ್ತಾರೆಂದು ತಿಳಿಯೋಣ. ತೆನೆ ಬರುವ ಹಂತ ಉತ್ತರೆ, ಹಸ್ತ ಮಳೆಗಳ ಕಾಲಕ್ಕೆ ಬೀಳುತ್ತದೆ. ಕೆಳಗಿನ ಅಂಕಿಗಳು ವಿಧಾನವನ್ನು ತಿಳಿಸಲು ಕೊಟ್ಟ ಊಹೆಗಳು ಮಾತ್ರ. ಪ್ರತಿ ಊರಿನವರೂ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು.

ತೆನೆಯ ಹಂತದಲ್ಲಿ ಮಳೆ ಬಿಡುವು ಕೊಟ್ಟದ್ದು: 30 ವರ್ಷಗಳಲ್ಲಿ 10 ಬಾರಿ. ಅಂತಹ ವರ್ಷದ ನಷ್ಟ ಹೆಕ್ಟೇರಿಗೆ 6 ಕ್ವಿಂಟಾಲ್. ವರ್ಷಕ್ಕೆ ಸರಾಸರಿ ನಷ್ಟ 2 ಕ್ವಿಂಟಾಲ್.

ಕೊಯ್ಲಿನ ಕಾಲದ ಜಡಿಮಳೆ: 30 ವರ್ಷಗಳಲ್ಲಿ 5 ಬಾರಿ. ಅಂತಹ ವರ್ಷದ ನಷ್ಟ 4.5 ಕ್ವಿಂಟಾಲ್. ವರ್ಷಕ್ಕೆ ಸರಾಸರಿ ನಷ್ಟ 0.75 ಕ್ವಿಂಟಾಲ್.

ಮಳೆಯ ಬಿಡುವೇ ದೊಡ್ಡ ಶತ್ರುವೆಂಬುದು ಇದರಿಂದ ಸ್ಪಷ್ಟ. ಇನ್ನು ಮಾದರಿಯ ಮಾತನ್ನು ಸೇರಿಸಬೇಕು. ಜಡಿಮಳೆಯ ಪ್ರಸಂಗಗಳು ಇಮ್ಮಡಿಯಾದರೆ ಎರಡನೆಯ ನಷ್ಟ 1.5 ಕ್ವಿಂಟಾಲಿಗೆ ಏರುತ್ತದೆ. ಆಗಲೂ ಮೊದಲ ಗಮನ ಬಿಡುವಿನ ಕಡೆಗೇ ಇರಬೇಕು. ಆದರೆ ಟಾರ್ಪಾಲು, ಎತ್ತರದ ಒಕ್ಕಣೆ ಕಣ, ಕೊಯ್ಲಿನ ಯಂತ್ರದ ಬಾಡಿಗೆ ಕೇಂದ್ರ ಇವು ಕಡಿಮೆ ಖರ್ಚಿನ ಕೆಲಸಗಳಾದುದರಿಂದ ಅವನ್ನೂ ಯೋಜನೆಗೆ ಸೇರಿಸುವುದು ಲೇಸು.

ಯಾವ ಕಾಲಕ್ಕೂ ನಷ್ಟವಾಗದ ಕೆಲಸ ಮೊದಲು

ಮುಂದಿನ ಮಳೆ ಹೆಚ್ಚಾದರೂ ಕಡಿಮೆಯಾದರೂ ಉಪಯೋಗಕ್ಕೆ ಬರುವ ಕೆಲಸಗಳನ್ನು ಮೊದಲು ಕೈಗೊಳ್ಳಬೇಕು. ಕೃಷಿ ಹೊಂಡ ಇದಕ್ಕೆ ಒಳ್ಳೆಯ ಉದಾಹರಣೆ. ಮೇಲೆ 12 x 12 ಮೀಟರ್, ತಳದಲ್ಲಿ 6 x 6 ಮೀಟರ್, ಆಳ 3 ಮೀಟರ್ ಇರುವ ಹೊಂಡದಲ್ಲಿ 252 ಘನ ಮೀಟರ್ ನೀರು ನಿಲ್ಲುತ್ತದೆ. ಒಂದು ಹೆಕ್ಟೇರಿಗೆ 25 ಮಿ.ಮೀ. ನೀರು ಕೊಡಲು 250 ಘನ ಮೀಟರ್ ಬೇಕು. ಆವಿಯಾಗುವುದನ್ನೂ ಇಂಗುವುದನ್ನೂ ಕಳೆದರೂ ಅರ್ಧ ಹೆಕ್ಟೇರಿನ ತೆನೆಯನ್ನು ಒಂದು ನೀರಿನಿಂದ ಉಳಿಸಬಹುದು. ಕೆಂಪು ಮಣ್ಣಿನಲ್ಲಿ ಇಂಗುವಿಕೆ ಹೆಚ್ಚಾದುದರಿಂದ ಪ್ಲಾಸ್ಟಿಕ್ ಹೊದಿಕೆ ಅಥವಾ ಮಣ್ಣು-ಸಿಮೆಂಟಿನ ಗಿಲಾವು ಅವಶ್ಯ.

ಒಂದು ಹೆಕ್ಟೇರಿನ ಮೇಲೆ 50 ಮಿ.ಮೀ. ಮಳೆ ಬಿದ್ದು ಐದನೆಯ ಒಂದು ಭಾಗ ಹರಿದರೆ 100 ಘನ ಮೀಟರ್ ನೀರು ಬರುತ್ತದೆ. ಅಂತಹ ಎರಡು ಮೂರು ಮಳೆಗೆ ಹೊಂಡ ತುಂಬುತ್ತದೆ. ಆದರೆ ಒಂದೇ ದಿನ 100 ಮಿ.ಮೀ. ಬಿದ್ದು ನೂರಕ್ಕೆ ನಲವತ್ತು ಪಾಲು ಹರಿದರೆ 400 ಘನ ಮೀಟರ್ ಬರುತ್ತದೆ. ಕೋಡಿ ಚಿಕ್ಕದಾಗಿದ್ದರೆ ಏರಿಯೇ ಒಡೆಯುತ್ತದೆ. ಹೊಂಡ, ಬದು, ಕೆರೆಗಳ ಕೋಡಿಯನ್ನು ಹಳೆಯ ಮಳೆಯ ಲೆಕ್ಕಕ್ಕಿಂತ ಸ್ವಲ್ಪ ಅಗಲವಾಗಿಯೇ ಇಡುವುದು ಮಾದರಿಗಳಿಂದ ಕಲಿಯಬೇಕಾದ ನೇರವಾದ ಪಾಠ.

ಕಪ್ಪು ಮಣ್ಣಿನ ವಿಜಯಪುರ ಭಾಗದಲ್ಲಿ, ವರ್ಷದ ಮಳೆ ಸುಮಾರು 600 ಮಿ.ಮೀ. ಇರುವಲ್ಲಿ, ಮುಂಗಾರಿನಲ್ಲಿ ಚೌಕು ಮಡಿ ಕಟ್ಟಿ ತೇವ ಹಿಡಿದು ಹಿಂಗಾರಿ ಜೋಳ ಬಿತ್ತುವ ಪದ್ಧತಿಯೂ ಇಂತಹುದೇ. ಕೆಂಪು ಮಣ್ಣಿನಲ್ಲಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಬಿತ್ತುವುದರಿಂದ ಒಂದು ಬೆಳೆ ಸೋತರೂ ಇನ್ನೊಂದು ಕೈ ಹಿಡಿಯುತ್ತದೆ. ಬಿತ್ತನೆ ಆಗಸ್ಟ್‌ಗೆ ಜಾರಿದರೆ ಜಿ.ಪಿ.ಯು.-48ರಂತಹ ಅಲ್ಪಾವಧಿ ತಳಿಗೆ ಬದಲಾಯಿಸಬೇಕು. ಅದಕ್ಕೆ ಬೀಜ ಮೊದಲೇ ಊರಿನಲ್ಲಿರಬೇಕು. ಮುಂಗಾರು ಎರಡು, ನಾಲ್ಕು, ಆರು, ಎಂಟು ವಾರ ತಡವಾದರೆ ಏನು ಮಾಡಬೇಕೆಂಬ ಜಿಲ್ಲಾವಾರು ತುರ್ತು ಯೋಜನೆಗಳು ಸಿದ್ಧವಾಗಿವೆ. 2011ರಲ್ಲಿ ಆರಂಭವಾದ ಹವಾಗುಣ ತಾಳಿಕೆಯ ಕೃಷಿ ಯೋಜನೆಯಡಿ ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿ, ನೆಲಮಂಗಲ ತಾಲ್ಲೂಕಿನ ಚಿಕ್ಕಮಾರನಹಳ್ಳಿಗಳಲ್ಲಿ ಇಂತಹ ಕ್ರಮಗಳನ್ನು ರೈತರ ಹೊಲಗಳಲ್ಲಿಯೇ ಅನುಸರಿಸಿ ತೋರಿಸಲಾಗಿದೆ.

ಎಷ್ಟು ಮಾಡಿದರೂ ಉಳಿಯುವ ನಷ್ಟಕ್ಕೆ ವಿಮೆ ಇದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಕಂತು ಮುಂಗಾರು ಆಹಾರ ಬೆಳೆಗಳಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5.

ಪರಿಹಾರವೇ ಪೀಡೆಯಾಗಬಾರದು

ಮಳೆ ನೆಚ್ಚಲಾಗದೆಂದು ಕೊಳವೆ ಬಾವಿ ತೋಡಿ ಬಯಲು ಸೀಮೆಯಲ್ಲಿ ಅಡಿಕೆ ಇಡುವುದು ಮೊದಲ ನೋಟಕ್ಕೆ ಜಾಣತನದಂತೆ ಕಾಣುತ್ತದೆ. ಆದರೆ ಬಿಸಿ ಹೆಚ್ಚಿದಂತೆ ತೋಟ ಕೇಳುವ ನೀರೂ ಹೆಚ್ಚುತ್ತದೆ. ಅಂತರ್ಜಲ ಮಾತ್ರ ಅಷ್ಟೇ ಇರುತ್ತದೆ, ಇಲ್ಲವೇ ಇಳಿಯುತ್ತದೆ. 2024ರ ಬೇಸಗೆಯಲ್ಲಿ ಚನ್ನಗಿರಿ ಮೊದಲಾದ ಕಡೆ ರೈತರು ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಮರ ಉಳಿಸಿಕೊಳ್ಳಲು ಹೆಣಗಿದರು. ರಾಗಿ ಸೋತರೆ ಒಂದು ವರ್ಷದ ನಷ್ಟ, ತೋಟ ಸೋತರೆ ಹತ್ತು ವರ್ಷಗಳ ನಷ್ಟ. ಗಂಡಾಂತರವನ್ನು ಮುಂದೂಡಿ ದೊಡ್ಡದು ಮಾಡುವ ಇಂತಹ ಪರಿಹಾರಗಳನ್ನು ಗುರುತಿಸುವುದೂ ಯೋಜನೆಯ ಒಂದು ಭಾಗ. ಬಹುವಾರ್ಷಿಕ ಬೆಳೆ ಇಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಸತತ ಎರಡು ವರ್ಷ ಬರ ಬಿದ್ದರೆ ಈ ಗಿಡಗಳಿಗೆ ನೀರು ಎಲ್ಲಿಂದ?

ಯೋಜನೆಯ ಹಂತಗಳು

1. ಊರಿನ ಮಳೆ, ಬರ, ನೆರೆಗಳ ಮೂವತ್ತು ವರ್ಷಗಳ ಪಟ್ಟಿಯನ್ನು ಹಿರಿಯರ ನೆನಪು ಮತ್ತು ದಾಖಲೆ ಎರಡನ್ನೂ ಕೂಡಿಸಿ ಸಿದ್ಧಪಡಿಸಬೇಕು.

2. ಪ್ರತಿ ವಿಪತ್ತಿನಿಂದ ಆಗುವ ವರ್ಷದ ಸರಾಸರಿ ನಷ್ಟವನ್ನು ಲೆಕ್ಕ ಹಾಕಬೇಕು. ಭೂಮಿ ಇಲ್ಲದವರ ಕೂಲಿ ನಷ್ಟ, ದನಗಳ ಮೇವಿನ ಕೊರತೆಯನ್ನೂ ಸೇರಿಸಬೇಕು.

3. ಹಲವು ಮಾದರಿಗಳು ಒಮ್ಮತದಿಂದ ಹೇಳುವ ಬದಲಾವಣೆಯನ್ನು ಕೃಷಿ ವಿಜ್ಞಾನ ಕೇಂದ್ರದಿಂದ ತಿಳಿದು ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು.

4. ಮಳೆ ಹೆಚ್ಚಿದರೆ, ತಗ್ಗಿದರೆ, ಹೀಗೆಯೇ ಇದ್ದರೆ, ಈ ಮೂರರಲ್ಲಿಯೂ ನಿಲ್ಲುವ ಕೆಲಸಗಳನ್ನು ಮೊದಲು ಆರಿಸಬೇಕು. ಒಂದೇ ಊಹೆಯ ಮೇಲೆ ನಿಂತ ದೊಡ್ಡ ಖರ್ಚನ್ನು ಕೊನೆಗೆ ಇಡಬೇಕು.

5. ಐದು ವರ್ಷಕ್ಕೊಮ್ಮೆ ಹೊಸ ಮಳೆಯ ಅಂಕಿಗಳನ್ನು ಸೇರಿಸಿ ಯೋಜನೆಯನ್ನು ತಿದ್ದಬೇಕು.

ಹಿರಿಯರು ಮಳೆಯ ನಡತೆಯನ್ನು ತಲೆಮಾರುಗಳ ಅನುಭವದಿಂದ ಅರಿತು ಬಿತ್ತನೆಯ ಕಾಲವನ್ನು ಗೊತ್ತುಮಾಡಿದರು. ಆ ನಡತೆ ಈಗ ಬದಲಾಗುತ್ತಿದೆ. ಅನುಭವ ಹಿಂದಿನದನ್ನು ಹೇಳಿದರೆ ಮಾದರಿ ಮುಂದಿನದರ ಸುಳಿವು ಕೊಡುತ್ತದೆ. ಎರಡನ್ನೂ ಎದುರಿಗಿಟ್ಟುಕೊಂಡು ಹೊಲದ ಮಣ್ಣನ್ನೂ ಮನೆಯ ಶಕ್ತಿಯನ್ನೂ ನೋಡಿ ನಿರ್ಧರಿಸಿದ ರೈತನು ಮಳೆ ತಪ್ಪಿದ ವರ್ಷದಲ್ಲಿಯೂ ಬಿತ್ತನೆಯ ಬೀಜವನ್ನು ಉಳಿಸಿಕೊಳ್ಳಬಲ್ಲನು.